ಖಾಲಿ ಆಕಾಶಕ್ಕೆ ನಲವತ್ತೊಂದು ಅರ್ಜಿ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ವ್ಯಾಪ್ತಿಯಲ್ಲಿ ಈವರೆಗೆ ಕಟ್ಟಲಾದ ಯಾವ ಫ್ಲೆಕ್ಸಿನಲ್ಲಿಯೂ ಖಾಲಿ ಜಾಗ ಉಳಿದಿದ್ದ ದಾಖಲೆ ಇರುವುದಿಲ್ಲ. ಹುಟ್ಟುಹಬ್ಬದ ಫ್ಲೆಕ್ಸಿರಲಿ, ಕಬಡ್ಡಿ ಪಂದ್ಯಾವಳಿಯದಿರಲಿ, ಹೊಸ ಬೇಕರಿಯ ಪ್ರಾರಂಭೋತ್ಸವದ್ದಿರಲಿ, ನಡುವೆ ಒಂದು ದೊಡ್ಡ ಮುಖ, ಮೇಲೆ ಹಿರಿಯರ ಐದು ಮಧ್ಯಮ ಮುಖ, ಕೆಳಗೆ ಶುಭ ಕೋರುವವರ ಇಪ್ಪತ್ತೆರಡು ಸಣ್ಣ ಮುಖ ಇರತಕ್ಕದ್ದು ಎಂಬುದು ಇಲ್ಲಿಯ ಪದ್ಧತಿ. ಇದನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೆ ಯಾರಾದರೂ ಮೀರುತ್ತಿದ್ದರೋ ಏನೋ.

ಈ ಪದ್ಧತಿಯನ್ನು ಹನ್ನೊಂದು ವರ್ಷಗಳಿಂದ ನಿಷ್ಠೆಯಿಂದ ನಡೆಸಿಕೊಂಡು ಬಂದವಳು ನಾಗವೇಣಿ. ಶಿರಾಳಕೊಪ್ಪದ ಬಸ್ ನಿಲ್ದಾಣದ ಎದುರು ಅವಳ ಫ್ಲೆಕ್ಸ್ ಅಂಗಡಿ. ಅವಳ ಕಂಪ್ಯೂಟರಿನಲ್ಲಿ ಎರಡು ತಾಲ್ಲೂಕಿನ ಆರುನೂರ ನಲವತ್ತು ಮುಖಗಳು ಕೈಮುಗಿದುಕೊಂಡು ಸಾಲಾಗಿ ಕಾದಿವೆ. ಸಂತೆಯಲ್ಲಿ ಯಾರಾದರೂ ಎದುರು ಸಿಕ್ಕರೆ ಅವಳಿಗೆ ಮೊದಲು ನೆನಪಾಗುವುದು ಅವರ ಹೆಸರಲ್ಲ, ಅವರ ಎಡಗೆನ್ನೆಗೆ ಎಷ್ಟು ಬೆಳಕು ಕೊಡಬೇಕು ಎಂಬುದು. ಸೊರಬದ ಕಡೆಯ ಮುಖಂಡರಾದ ಹುಚ್ಚರಾಯಪ್ಪನವರ ತಲೆ ಬೋಳಾಗಿ ಆರು ವರ್ಷವಾಯಿತು. ನಾಗವೇಣಿಯ ಕೃಪೆಯಿಂದ ಫ್ಲೆಕ್ಸಿನಲ್ಲಿ ಮಾತ್ರ ಅವರ ಒಂದು ಕೂದಲೂ ಉದುರಿಲ್ಲ.

ಆದರೆ ನಾಗವೇಣಿಗೆ ಒಂದು ಆಸೆಯಿತ್ತು. ಜೀವಮಾನದಲ್ಲಿ ಒಮ್ಮೆ, ಒಂದೇ ಒಮ್ಮೆ, ಯಾರ ಮುಖವೂ ಇಲ್ಲದ ಒಂದು ಪೋಸ್ಟರು ಮಾಡಬೇಕು. ನಾಲ್ಕು ಜನ ಓಡಾಡುವ ಕಡೆ ಅದು ತೂಗಿರಬೇಕು. ತಾನು ದೂರ ನಿಂತು ಕಣ್ತುಂಬ ನೋಡಬೇಕು. ಗಂಡ ಶಿವರಾಮನಿಗೂ ಅವಳು ಇದನ್ನು ಹೇಳಿರಲಿಲ್ಲ. ಹೇಳಿದ್ದರೆ ಅವನು ನಗುತ್ತಿರಲಿಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದ.

ಹೀಗಿರುವಲ್ಲಿ ಶಿಕಾರಿಪುರ–ಸೊರಬ ಜಂಟಿ ಕಿರುಚಿತ್ರೋತ್ಸವ ಸಮಿತಿ ಅಸ್ತಿತ್ವಕ್ಕೆ ಬಂತು. ಅಧ್ಯಕ್ಷರು ಮೆಕ್ಕೆಜೋಳದ ವ್ಯಾಪಾರಿ ಪರಮಶಿವಪ್ಪನವರು. ಅವರು ಜೀವನದಲ್ಲಿ ನೋಡಿದ್ದು ನಾಲ್ಕು ಸಿನಿಮಾ, ಅದರಲ್ಲಿ ಮೂರಕ್ಕೆ ನಿದ್ದೆ ಮಾಡಿದ್ದರು. ಆದ್ದರಿಂದ ಅವರ ನಿಷ್ಪಕ್ಷಪಾತದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಕಾರ್ಯದರ್ಶಿ ಮಹೇಶ್ವರಪ್ಪನವರು ಮೂವತ್ಮೂರು ವರ್ಷ ಕಂದಾಯ ಇಲಾಖೆಯಲ್ಲಿದ್ದು ಶಿರಸ್ತೇದಾರರಾಗಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಕೈಗೆ ಕಡತವಿಲ್ಲದೆ ಮನೆಯ ದಿನಸಿ ಚೀಟಿಗೆಲ್ಲ ಕ್ರಮಸಂಖ್ಯೆ ಹಾಕುತ್ತಿದ್ದರು. ಸಮಿತಿಯ ಕೆಲಸ ಸಿಕ್ಕ ದಿನ ಅವರ ಹೆಂಡತಿ ವೀರಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ಸಿನಿಮಾ ಎಂದರೇನೆಂದು ಮಹೇಶ್ವರಪ್ಪನವರಿಗೆ ಅಷ್ಟಾಗಿ ತಿಳಿಯದು. ಅರ್ಜಿ ಎಂದರೇನೆಂದು ಚೆನ್ನಾಗಿ ತಿಳಿದಿತ್ತು. ಅಷ್ಟು ಸಾಕಾಯಿತು.

ಸ್ಪರ್ಧೆಗೆ ಹದಿನೇಳು ಕಿರುಚಿತ್ರಗಳು ಬಂದವು. ಮೊದಲ ಸಭೆಯಲ್ಲೇ ಒಂದು ತೊಡಕು ಎದುರಾಯಿತು. ಉತ್ಸವ ಒಂದೇ ದಿನ. ಉದ್ಘಾಟನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಗಣ್ಯರ ಭಾಷಣ, ದಾನಿಗಳಿಗೆ ಸನ್ಮಾನ, ಊಟ, ವಂದನಾರ್ಪಣೆ ಎಲ್ಲ ಸೇರಿ ಏಳು ಗಂಟೆ ಬೇಕು. ಅವೆಲ್ಲ ಮುಗಿದು ಸಿನಿಮಾಕ್ಕೆ ಉಳಿಯುವುದು ಹದಿನೈದು ನಿಮಿಷ. ಹದಿನೇಳು ಚಿತ್ರ ನೋಡಲು ಮೂರು ಗಂಟೆಯಾದರೂ ಬೇಕು.

"ಊಟ ಕಡಿಮಿ ಮಾಡಾಕೆ ಬರಲ್ಲ," ಎಂದರು ಪರಮಶಿವಪ್ಪನವರು.

"ಸನ್ಮಾನನೂ ಬರಲ್ಲ," ಎಂದರು ಉಳಿದವರು.

ಆಗ ಮಹೇಶ್ವರಪ್ಪನವರು ಬರೆದ ಠರಾವು ಹೀಗಿದೆ: ಪೋಸ್ಟರು ಎಂಬುದು ಚಿತ್ರದ ಪ್ರಕಾರವನ್ನೂ ಕಥೆಯನ್ನೂ ನೋಡಿದವರಿಗೆ ತಿಳಿಸತಕ್ಕದ್ದು ಎಂದು ಬಲ್ಲವರು ಹೇಳಿರುವುದರಿಂದ, ಪೋಸ್ಟರಿನಿಂದ ಕಥೆ ತಿಳಿದ ನಂತರ ಪುನಃ ಚಿತ್ರವನ್ನೂ ನೋಡುವುದು ಒಂದೇ ಕೆಲಸಕ್ಕೆ ಎರಡು ಸಲ ಸಮಯ ಮಂಜೂರು ಮಾಡಿದಂತಾಗುತ್ತದೆ. ಆದಕಾರಣ ಪೋಸ್ಟರನ್ನು ನೋಡಿಯೇ ಬಹುಮಾನ ನಿರ್ಧರಿಸುವುದು; ಪ್ರಥಮ ಬಹುಮಾನ ಪಡೆದ ಒಂದು ಚಿತ್ರವನ್ನು ಮಾತ್ರ, ವಿದ್ಯುತ್ ಇದ್ದಲ್ಲಿ, ತೋರಿಸುವುದು. ಸಭೆ ಒಕ್ಕೊರಲಿನಿಂದ ಒಪ್ಪಿತು.

ನಿಯಮಾವಳಿ ಮರುವಾರವೇ ಹೊರಬಿತ್ತು. ಅದರಂತೆ ಹಾಸ್ಯಚಿತ್ರದ ಪೋಸ್ಟರಿಗೆ ಹಳದಿ ಹಿನ್ನೆಲೆ ಇರತಕ್ಕದ್ದು ಮತ್ತು ಕನಿಷ್ಠ ಒಬ್ಬರ ಕನ್ನಡಕ ಸೊಟ್ಟಗಿರತಕ್ಕದ್ದು. ಪ್ರೇಮಕಥೆಯಾದಲ್ಲಿ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡುತ್ತಿರಬೇಕು. ಒಂದೇ ದಿಕ್ಕಿಗೆ ನೋಡಿದಲ್ಲಿ ಮದುವೆಯಾಗಿದೆಯೆಂದು ಭಾವಿಸಿ ಕೌಟುಂಬಿಕ ವಿಭಾಗಕ್ಕೆ ವರ್ಗಾಯಿಸಲಾಗುವುದು. ಕೌಟುಂಬಿಕ ಚಿತ್ರಕ್ಕೆ ಅಡುಗೆಮನೆಯ ಒಂದು ಪಾತ್ರೆ ಕಡ್ಡಾಯ. ಪತ್ತೇದಾರಿಗೆ ನೀಲಿ ಬಣ್ಣ ಹಾಗೂ ಬೆನ್ನು ತಿರುಗಿಸಿ ನಿಂತ ಮನುಷ್ಯ. ಅವನು ಯಾರೆಂದು ಹಿಂಬದಿಯಲ್ಲಿ ಬರೆದು ದೃಢೀಕರಿಸಿ ಕೊಡತಕ್ಕದ್ದು. ಭಯಾನಕ ಚಿತ್ರವಾದಲ್ಲಿ ಹೆಸರಿನ ಅಕ್ಷರಗಳಿಂದ ಮೂರಕ್ಕೆ ಕಡಿಮೆಯಿಲ್ಲದಂತೆ ರಕ್ತದ ಹನಿ ತೊಟ್ಟಿಕ್ಕುತ್ತಿರಬೇಕು, ಮತ್ತು ಪೋಸ್ಟರಿನಲ್ಲಿ ಕಾಣುವವರಲ್ಲಿ ಒಬ್ಬರನ್ನುಳಿದು ಮಿಕ್ಕವರೆಲ್ಲ ಕಥೆ ಮುಗಿಯುವುದರೊಳಗೆ ಮೃತಪಟ್ಟಿದ್ದಾರೆಂದು ಪರಿಗಣಿಸಲಾಗುವುದು. ಕೊನೆಗೆ ಎರಡು ಸಾಮಾನ್ಯ ಸೂಚನೆ: ಪೋಸ್ಟರಿನಲ್ಲಿ ಮುಖವಿರುವ ಪ್ರತಿಯೊಬ್ಬರನ್ನೂ ಕಥೆಯ ಪಾತ್ರವೆಂದೇ ತಿಳಿಯಲಾಗುವುದು, ಚಿತ್ರಕ್ಕೂ ಪೋಸ್ಟರಿಗೂ ವ್ಯತ್ಯಾಸ ಕಂಡುಬಂದಲ್ಲಿ ಪೋಸ್ಟರೇ ಅಂತಿಮ.

ಈ ನಿಯಮಾವಳಿಯ ಪ್ರತಿ ಹಿಡಿದುಕೊಂಡು ಒಂದು ಮಧ್ಯಾಹ್ನ ದೀಪಶ್ರೀ ನಾಗವೇಣಿಯ ಅಂಗಡಿಗೆ ಬಂದಳು. ದೀಪಶ್ರೀ ಸೊರಬದ ಒಂದು ಪ್ರೌಢಶಾಲೆಯಲ್ಲಿ ಸಮಾಜ ಪಾಠ ಮಾಡುವ ಟೀಚರು. ರಜೆಯಲ್ಲಿ ಗುಡವಿ ಕೆರೆಯ ದಂಡೆಯ ಮೇಲೆ ಮೊಬೈಲಿನಲ್ಲೇ ಹತ್ತು ನಿಮಿಷದ ಸಿನಿಮಾ ತೆಗೆದಿದ್ದಳು. ಹೆಸರು "ಅಕ್ಕ ಬರ್ತಾಳೆ".

ಕಥೆ ಇಷ್ಟೇ. ತಂಗಿಯ ಮಗನ ಮದುವೆಯ ಕರೆಯೋಲೆಯಲ್ಲಿ ಅಕ್ಕನ ಹೆಸರು ಹಾಕುವುದು ಬಿಟ್ಟುಹೋಗುತ್ತದೆ. ಅಂದಿನಿಂದ ಎಂಟು ವರ್ಷ ಅಕ್ಕ ತಂಗಿಗೆ ಮಾತಿಲ್ಲ. ಒಂದು ದಿನ ತಂಗಿ ಡಬ್ಬಿಯಲ್ಲಿ ರೊಟ್ಟಿ ಪಲ್ಯ ಕಟ್ಟಿಕೊಂಡು ಬಂದು ಕೆರೆ ದಂಡೆಯ ಬೆಂಚಿನ ಒಂದು ತುದಿಯಲ್ಲಿ ಕೂತು ಕಾಯುತ್ತಾಳೆ. ಹಕ್ಕಿಗಳು ಹಾರುತ್ತವೆ, ಇಳಿಯುತ್ತವೆ. ಕೊನೆಗೆ ಅಕ್ಕ ಬಂದು ಪಕ್ಕದಲ್ಲಿ ಕೂರುತ್ತಾಳೆ. ಇಬ್ಬರೂ ರೊಟ್ಟಿ ತಿನ್ನುತ್ತಾರೆ.

ಕೇಳುತ್ತ ಕೇಳುತ್ತ ನಾಗವೇಣಿಯ ಕಣ್ಣು ಒದ್ದೆಯಾಯಿತು. ಇಂಥ ಕರೆಯೋಲೆಗಳನ್ನು ಅವಳೇ ಎಷ್ಟೋ ಅಚ್ಚು ಹಾಕಿದ್ದಳು.

"ಎಂತ ಹಾಕೋದು ನಾಗವೇಣಕ್ಕ? ಇಬ್ರ ಮುಖ ದೊಡ್ಡದಾಗಿ ಹಾಕಿದ್ರೆ ಸಾಕಾ?" ಎಂದು ಕೇಳಿದಳು ದೀಪಶ್ರೀ.

"ಮುಖ ಬ್ಯಾಡ," ಎಂದಳು ನಾಗವೇಣಿ. ಹನ್ನೊಂದು ವರ್ಷದಲ್ಲಿ ಆ ಅಂಗಡಿಯೊಳಗೆ ಈ ಮಾತು ಕೇಳಿಬಂದದ್ದು ಅದೇ ಮೊದಲು. "ಬೆಂಚು ಹಾಕಣ. ಒಂದು ತುದಿಗೆ ಡಬ್ಬಿ. ಮುಚ್ಚಳ ತೆಗೆದಿರ್ಬೇಕು, ಒಳಗೆ ರೊಟ್ಟಿ ಕಾಣ್ಬೇಕು. ಆ ಕಡೆ ತುದಿ ಖಾಲಿ. ಮೇಲೆಲ್ಲ ಬರೇ ಆಕಾಶ."

"ಅಷ್ಟೂ ಖಾಲಿನಾ?"

"ಅಕ್ಕ ಬರೋಕೆ ಜಾಗ ಬ್ಯಾಡೇನು? ನೋಡಿದೋರಿಗೆ, ಅಯ್ಯೋ ಯಾರೋ ಬರ್ಬೇಕಿತ್ತು, ಇನ್ನೂ ಬಂದಿಲ್ಲಲ್ಲ ಅನ್ನಿಸ್ಬೇಕು. ನಿನ್ನ ಕಥೆ ಅದೇ ಅಲ್ಲೇನು?"

"ನಾನು ಹತ್ತು ನಿಮಿಷ ತೆಗೆದಿದ್ದನ್ನ ನೀವು ಒಂದು ಡಬ್ಬೀಲಿ ಹೇಳಿದ್ರಿ ಮಾರಾಯ್ತಿ," ಎಂದಳು ದೀಪಶ್ರೀ.

ನಾಲ್ಕು ಅಡಿ ಅಗಲ, ಆರು ಅಡಿ ಎತ್ತರದ ಪೋಸ್ಟರು ಮೂರು ದಿನದಲ್ಲಿ ತಯಾರಾಯಿತು. ತಿಳಿನೀಲಿ ಆಕಾಶ, ಒಂದು ಮೂಲೆಯಲ್ಲಿ ಹಾರುವ ಕೊಕ್ಕರೆ, ಕೆಳಗೆ ಬೆಂಚು, ಡಬ್ಬಿ. ನಾಗವೇಣಿ ಅದನ್ನು ಅಂಗಡಿಯ ಗೋಡೆಗೆ ಒರಗಿಸಿ ಹಿಂದೆ ಸರಿದು ಸರಿದು ನೋಡಿದಳು. ರಸ್ತೆಗೇ ಹೋಗಿ ನಿಂತು ನೋಡಿದಳು. ಬಸ್ಸಿನವನು ಹಾರ್ನ್ ಹೊಡೆದ ಮೇಲೆ ಒಳಗೆ ಬಂದಳು. ಅಷ್ಟು ಖುಷಿ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

ಸಮಿತಿಯ ಕಚೇರಿ ಶಿಕಾರಿಪುರದಲ್ಲಿ, ಮಹೇಶ್ವರಪ್ಪನವರ ಮನೆಯ ಜಗುಲಿಯಲ್ಲಿತ್ತು. ನಾಗವೇಣಿಯೇ ಪೋಸ್ಟರನ್ನು ಅಲ್ಲಿಗೆ ಒಯ್ದಳು. ಮಹೇಶ್ವರಪ್ಪನವರು ಅದನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಗಂಟಲು ಸರಿಮಾಡಿಕೊಂಡು ಕೇಳಿದರು.

"ಪಾತ್ರೆ ಐತಿ, ಕೌಟುಂಬಿಕ ಅನ್ನೋದು ಸರಿ. ಇದರಾಗೆ ಖಾಲಿ ಜಾಗ ಎಷ್ಟೈತಮ್ಮ?"

"ಅಳತೆ ಮಾಡಿಲ್ಲ ಸರ್."

"ಅಳತೆ ಮಾಡ್ದೆ ಖಾಲಿ ಬಿಡಾಕೆ ಬರಲ್ಲ."

ಅವರು ಒಳಗಿನಿಂದ ಟೇಪು ತರಿಸಿದರು. ಒಟ್ಟು ಇಪ್ಪತ್ನಾಲ್ಕು ಚದರ ಅಡಿಯಲ್ಲಿ ಹದಿನೇಳು ಚದರ ಅಡಿ ಖಾಲಿ ಎಂದು ಕಂಡುಬಂತು.

"ಈ ಹದಿನೇಳು ಅಡಿ ಯಾರ ಹೆಸರಾಗೈತಿ?"

"ಯಾರ ಹೆಸರಾಗೂ ಇಲ್ಲ ಸರ್. ಅದು ಆಕಾಶ."

"ಆಕಾಶ ಅಂತ ಬರಿಯಾಕೆ ಕಾಲಂ ಇಲ್ಲಮ್ಮ," ಎಂದರು ಮಹೇಶ್ವರಪ್ಪನವರು, ತೀರಾ ಮೃದುವಾಗಿ. "ಯಾರ ಹೆಸರಾಗೂ ಇಲ್ದಿರೋದು ಸಮಿತಿದಾಗ್ತತಿ. ಏಳು ದಿನ ನೋಟೀಸು ಹಚ್ತೀನಿ. ಯಾರದೂ ಅರ್ಜಿ ಬರ್ಲಿಲ್ಲ ಅಂದ್ರೆ ಆಕಾಶ ನಿಂದೇ."

ನೋಟೀಸು ಜಗುಲಿಯ ಕಂಬಕ್ಕೂ, ಅಲ್ಲಿಂದ ಯಾರದೋ ಮೊಬೈಲಿಗೂ, ಅಲ್ಲಿಂದ ಎರಡೂ ತಾಲ್ಲೂಕಿಗೂ ಹಬ್ಬಿತು. "ಅಕ್ಕ ಬರ್ತಾಳೆ ಪೋಸ್ಟರಿನಲ್ಲಿ ಹದಿನೇಳು ಚದರ ಅಡಿ ಖಾಲಿ ಇರುವುದು ಗಮನಕ್ಕೆ ಬಂದಿದ್ದು, ಹಕ್ಕುಳ್ಳವರು ಎರಡು ಭಾವಚಿತ್ರಗಳೊಂದಿಗೆ ಅರ್ಜಿ ಸಲ್ಲಿಸಬಹುದು." ಏಳು ದಿನದೊಳಗೆ ನಲವತ್ತೊಂದು ಅರ್ಜಿಗಳು ಬಂದವು. ಇವರಲ್ಲಿ ಒಬ್ಬರೂ ಸಿನಿಮಾ ನೋಡಿರಲಿಲ್ಲ, ಅದು ಯಾರೂ ಕೇಳಿದ ಅರ್ಹತೆಯೂ ಆಗಿರಲಿಲ್ಲ.

ಹುಚ್ಚರಾಯಪ್ಪನವರು, ತಾವು ಒಂಬತ್ತು ವರ್ಷಗಳಿಂದ ಎಲ್ಲಾ ಫ್ಲೆಕ್ಸುಗಳಲ್ಲಿ ಮೇಲಿನ ಎಡಮೂಲೆಯನ್ನು ಅಡೆತಡೆಯಿಲ್ಲದೆ ಅನುಭವಿಸಿಕೊಂಡು ಬಂದಿರುವುದರಿಂದ ಈ ಪೋಸ್ಟರಿನ ಎಡಮೂಲೆಯನ್ನೂ ತಮಗೇ ಸಕ್ರಮಗೊಳಿಸಬೇಕೆಂದು ಕೋರಿದ್ದರು. ಮಹಿಳಾ ಸಂಘದ ಗುಡ್ಡಮ್ಮನವರು ಬೆಂಚಿನ ಖಾಲಿ ತುದಿಯನ್ನು ಕೇಳಿದ್ದರು, ಅದು ನೆರಳಿನಲ್ಲಿದೆ ಎಂಬುದು ಅವರ ಕಾರಣ. ಅದೇ ತುದಿಗೆ ಸ್ವತಃ ಅಧ್ಯಕ್ಷ ಪರಮಶಿವಪ್ಪನವರ ಅರ್ಜಿಯೂ ಇತ್ತು. ಅಧ್ಯಕ್ಷರಾದವರು ಆಕಾಶದಲ್ಲಿ ತೇಲುವುದು ಶೋಭೆಯಲ್ಲ ಎಂದು ಅವರು ನಮೂದಿಸಿದ್ದರು. ಸ್ಥಳ ಮಹಜರಿನ ವೇಳೆ ಬಲಮೂಲೆಯಲ್ಲಿ ಕೊಕ್ಕರೆಯೊಂದು ಯಾರ ಅನುಮತಿಯೂ ಇಲ್ಲದೆ ಕಾಲು ಚದರ ಅಡಿ ಒತ್ತುವರಿ ಮಾಡಿರುವುದು ಪತ್ತೆಯಾಯಿತು. ಅದು ಗುಡವಿಯ ಮೂಲನಿವಾಸಿ ಎಂಬ ದೀಪಶ್ರೀಯ ಲಿಖಿತ ಹೇಳಿಕೆಯ ಮೇರೆಗೆ ಎಚ್ಚರಿಕೆ ಕೊಟ್ಟು ಬಿಡಲಾಯಿತು.

ನಾಗವೇಣಿ ತಕರಾರು ಅರ್ಜಿ ಹಾಕಿದಳು. ಅದರ ವಿಚಾರಣೆ ಮುಂದಿನ ಸೋಮವಾರ ಜಗುಲಿಯಲ್ಲಿ ನಡೆಯಿತು.

"ಆ ಜಾಗ ಖಾಲಿ ಇಲ್ಲ ಸರ್," ಎಂದಳು ಅವಳು. "ಅದು ಅಕ್ಕನ ಜಾಗ. ಅಕ್ಕ ಬರ್ಬೇಕು ಅಲ್ಲಿ."

"ಯಾವಾಗ ಬರ್ತಾಳ?" ಎಂದರು ಪರಮಶಿವಪ್ಪನವರು.

"ಸಿನಿಮಾ ಮುಗಿಯೋ ಹೊತ್ತಿಗೆ."

"ಅಲ್ಲಿತನಕ ನಾನು ಕುಂತಿರ್ತೀನಿ ಬಿಡು. ಆಕಿ ಬಂದ್ಮ್ಯಾಲೆ ಎದ್ದು ಕೊಡ್ತೀನಿ. ಬಸ್ಸಿನಾಗೆ ಹಂಗೇ ಅಲ್ಲೇನು ಮಾಡೋದು."

ಮಹೇಶ್ವರಪ್ಪನವರು ನ್ಯಾಯವಂತರು. ಬರತಕ್ಕವರಿಗೆ ಜಾಗ ಕಾದಿರಿಸಬಹುದು ಎಂಬುದನ್ನು ತಾತ್ವಿಕವಾಗಿ ಒಪ್ಪಿದರು. ಅದರಂತೆ ಬೆಂಚಿನ ತುದಿಯಲ್ಲಿ ಎರಡು ಚದರ ಅಡಿಯನ್ನು ಅಕ್ಕನ ಹೆಸರಿಗೆ ಮಂಜೂರು ಮಾಡಿ, ಅಕ್ಕನ ಗುರುತಿನ ಚೀಟಿ ಮತ್ತು ಭಾವಚಿತ್ರವನ್ನು ಮೂರು ದಿನದೊಳಗೆ ಅಲ್ಲಿ ಅಂಟಿಸತಕ್ಕದ್ದೆಂದೂ, ತಪ್ಪಿದಲ್ಲಿ ಆ ಜಾಗ ಅಧ್ಯಕ್ಷರಿಗೆ ಹೋಗತಕ್ಕದ್ದೆಂದೂ ಆದೇಶಿಸಿದರು. ಉಳಿದ ಆಕಾಶವನ್ನು ನಲವತ್ತು ಪಾಲು ಮಾಡಿ ಹಂಚಲಾಯಿತು. ಹುಚ್ಚರಾಯಪ್ಪನವರಿಗೆ ಎಡಮೂಲೆ ಸಿಕ್ಕಿತು. ಗುಡ್ಡಮ್ಮನವರಿಗೆ ಬೆಂಚು ಸಿಗದಿದ್ದರೂ ಕೊಕ್ಕರೆಯ ಪಕ್ಕ ಒಳ್ಳೆಯ ಜಾಗ ಸಿಕ್ಕಿತು.

ಅಂಗಡಿಗೆ ಬಂದು ನಾಗವೇಣಿ ಕಂಪ್ಯೂಟರಿನ ಮುಂದೆ ಕೂತಳು. ನಲವತ್ತೊಂದು ಮುಖಗಳೂ ಅವಳ ಬಳಿ ಮೊದಲೇ ಇದ್ದವು, ಹುಡುಕಿಕೊಂಡು ಹೋಗುವ ಕಷ್ಟವೂ ಇರಲಿಲ್ಲ. ಹುಚ್ಚರಾಯಪ್ಪನವರನ್ನು ಎತ್ತಿ ಎಡಮೂಲೆಗೆ ಇಟ್ಟಳು. ತುಂಬುಗೂದಲಿನ ಅವರು ಆಕಾಶದಲ್ಲಿ ಕೈಮುಗಿದು ನಕ್ಕರು. ನಾಗವೇಣಿಗೆ ಅಳು ಬಂತು. ಅವರನ್ನು ಅಳಿಸಿದಳು. ಮತ್ತೆ ಇಟ್ಟಳು. ಮತ್ತೆ ಅಳಿಸಿದಳು.

ಚಹಾ ತಂದುಕೊಟ್ಟ ಶಿವರಾಮ, "ಯಾಕೆ, ಅವರ ಕೂದ್ಲು ಸರಿ ಬರ್ವಲ್ದೇನು?" ಎಂದು ಕೇಳಿದ.

ಅವಳು ಎಲ್ಲವನ್ನೂ ಹೇಳಿಬಿಟ್ಟಳು, ಹನ್ನೊಂದು ವರ್ಷದ ಆಸೆಯ ಸಮೇತ. ಶಿವರಾಮ ಡಾಕ್ಟರ ಮಾತೆತ್ತಲಿಲ್ಲ. ಮೇಜಿನ ಮೇಲಿದ್ದ ನಿಯಮಾವಳಿಯನ್ನು ಕೈಗೆತ್ತಿಕೊಂಡು, ಗೊಬ್ಬರದ ಚೀಲದ ಮೇಲಿನ ಸೂಚನೆಯನ್ನೂ ಪೂರ್ತಿ ಓದುವ ತನ್ನ ಅಭ್ಯಾಸದಂತೆ, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದ. ಭಯಾನಕ ಚಿತ್ರದ ಸಾಲಿಗೆ ಬಂದಾಗ ನಾಗವೇಣಿ, "ತಡಿ, ಅದನ್ನ ಇನ್ನೊಂದ್ಸಲ ಓದು," ಎಂದಳು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಮರುದಿನ ಬೆಳಿಗ್ಗೆ ದೀಪಶ್ರೀಯ ಸಹಿಯೊಂದಿಗೆ ಪ್ರಕಾರ ಬದಲಾವಣೆಯ ಅರ್ಜಿ ಜಗುಲಿ ಮುಟ್ಟಿತು. "ಅಕ್ಕ ಬರ್ತಾಳೆ" ಚಿತ್ರವನ್ನು ಕೌಟುಂಬಿಕದಿಂದ ಭಯಾನಕಕ್ಕೆ ಪರಿವರ್ತಿಸಿಕೊಡಬೇಕು. ನಿಯಮದಂತೆ ಹೆಸರಿನ ಅಕ್ಷರಗಳಿಂದ ಮೂರು ಹನಿ ರಕ್ತವನ್ನು ಈಗಾಗಲೇ ಸೇರಿಸಲಾಗಿದೆ. ಮಂಜೂರಾದ ನಲವತ್ತೊಂದು ಮಂದಿಯ ಬಗ್ಗೆ ತಮ್ಮ ಆಕ್ಷೇಪಣೆಯೇನೂ ಇರುವುದಿಲ್ಲ.

ಸಹಿ ಮಾಡುವ ಮೊದಲು ದೀಪಶ್ರೀ ತುಂಬ ಹಿಂದೆ ಮುಂದೆ ನೋಡಿದ್ದಳು. "ರೊಟ್ಟಿ ತಿನ್ನೋ ಸಿನಿಮಾದಲ್ಲಿ ರಕ್ತ ಎಲ್ಲಿಂದ ಬಂತು ನಾಗವೇಣಕ್ಕ?"

"ಮೂರೇ ಹನಿ ಕಣೆ. ಕೊಟ್ರೆ ಇಡೀ ಆಕಾಶ ಉಳಿತತಿ."

ದೀಪಶ್ರೀ ಲೆಕ್ಕ ಹಾಕಿ ಸಹಿ ಮಾಡಿದಳು. ಹಳ್ಳಿಯ ಕಡೆ ಇಷ್ಟು ಕಡಿಮೆಗೆ ಯಾರೂ ಜಾಗ ಬಿಡಿಸಿಕೊಂಡದ್ದಿಲ್ಲ.

ಮಹೇಶ್ವರಪ್ಪನವರು ಹನಿಗಳನ್ನು ಎಣಿಸಿದರು. ಮೂರಿದ್ದವು. ಪರಿವರ್ತನೆಗೆ ಮಂಜೂರಾತಿ ನೀಡಿ, ಕರ್ತವ್ಯದಂತೆ ನಲವತ್ತೊಂದು ಮಂದಿಗೂ ತಿಳುವಳಿಕೆ ಪತ್ರ ಕಳಿಸಿದರು: "ತಮ್ಮ ಭಾವಚಿತ್ರ ಅಂಟಿಸಲು ಮಂಜೂರಾಗಿರುವ ಪೋಸ್ಟರು ಭಯಾನಕ ಪ್ರಕಾರಕ್ಕೆ ಪರಿವರ್ತನೆಗೊಂಡಿರುವುದರಿಂದ, ನಿಯಮದನ್ವಯ ತಾವು ಮೃತಪಟ್ಟಿರುವುದಾಗಿ ಪರಿಗಣಿಸಲಾಗುವುದು. ಬದುಕುಳಿಯತಕ್ಕ ಒಬ್ಬರನ್ನು ಚೀಟಿ ಎತ್ತುವ ಮೂಲಕ ಆರಿಸಲಾಗುವುದು. ಸದರಿ ದಿನ ತಾವು ತಪ್ಪದೆ ಹಾಜರಿರತಕ್ಕದ್ದು."

ಮರುದಿನ ಮಧ್ಯಾಹ್ನದೊಳಗೆ ಅರ್ಜಿ ಹಿಂಪಡೆಯುವವರ ಸಾಲು ಜಗುಲಿಯಿಂದ ಬೀದಿಗೆ ಇಳಿದಿತ್ತು. ಹುಚ್ಚರಾಯಪ್ಪನವರು ಮೊದಲು ಬಂದವರು. ಕಡತದಲ್ಲಿರುವ ಭಾವಚಿತ್ರ ತಮ್ಮದಲ್ಲವೆಂದೂ, ಅದರಲ್ಲಿರುವ ವ್ಯಕ್ತಿಗೆ ತಲೆತುಂಬ ಕೂದಲಿದ್ದು ತಮಗಿಲ್ಲವೆಂದೂ ಅವರು ಪ್ರಮಾಣಪತ್ರ ಬರೆದುಕೊಟ್ಟು, ಸಾಕ್ಷಿಗೆ ಟೋಪಿ ತೆಗೆದು ತೋರಿಸಿದರು. ಗುಡ್ಡಮ್ಮನವರು ತಮ್ಮ ಪಾಲನ್ನು ಕೊಕ್ಕರೆಗೆ ದಾನಪತ್ರ ಮಾಡಿದರು. ಪರಮಶಿವಪ್ಪನವರು ಫೋನು ಮಾಡಿದರು.

"ಮಹೇಶಣ್ಣ, ಇದು ಮೆಕ್ಕೆಜೋಳದ ಸೀಜನ್ನು. ಈಗ ಸಾಯಾಕೆ ಬರಲ್ಲ."

"ಅಧ್ಯಕ್ಷರು ಅಂತ ನಿಮ್ಮನ್ನೇ ಉಳಿಸ್ಬಹುದು. ಒಬ್ರಿಗೆ ಅವಕಾಶ ಐತಿ."

"ಬ್ಯಾಡ. ನಲವತ್ತು ಜನ ಸತ್ತು ನಾನೊಬ್ನೇ ಉಳಿದ್ರೆ ಊರು ಏನಂದ್ಕೊಂತತಿ? ನಾಳೆ ನನ್ ಅಂಗಡಿಗೆ ಜೋಳ ಹಾಕಾಕೆ ಯಾರು ಬರ್ತಾರ?"

ಸಂಜೆಯ ಹೊತ್ತಿಗೆ ಪೋಸ್ಟರು ನಿವ್ವಳ ಖಾಲಿಯಾಗಿ ಉಳಿಯಿತು.

ಉತ್ಸವದ ದಿನ ಶಿಕಾರಿಪುರದ ಸಮುದಾಯ ಭವನದ ಪಡಸಾಲೆಯಲ್ಲಿ ಹದಿನೇಳು ಪೋಸ್ಟರುಗಳನ್ನು ತೂಗುಹಾಕಲಾಯಿತು. ಹದಿನಾರರಲ್ಲಿ ಎಂದಿನಂತೆ ಮುಖಗಳು ತುಂಬಿದ್ದವು. ಜನ ಬಂದರು, ತಮ್ಮ ಮುಖ ಹುಡುಕಿಕೊಂಡರು, ಮೊಬೈಲಿನಲ್ಲಿ ಹಿಡಿದುಕೊಂಡರು, ಮುಂದೆ ಹೋದರು. ಹದಿನೇಳನೆಯದರ ಮುಂದೆ ಬಂದವರು ಮಾತ್ರ ನಿಂತುಬಿಟ್ಟರು. ನೀಲಿ ಆಕಾಶ. ಬೆಂಚು. ತೆರೆದ ಡಬ್ಬಿ. ಮೇಲೆ "ಅಕ್ಕ ಬರ್ತಾಳೆ" ಎಂಬ ಅಕ್ಷರಗಳು, ಅವುಗಳಿಂದ ತೊಟ್ಟಿಕ್ಕುವ ಮೂರು ಹನಿ.

ನಾಗವೇಣಿ ದೂರದ ಕಂಬವೊಂದಕ್ಕೆ ಒರಗಿ ನೋಡುತ್ತಿದ್ದಳು.

"ಡಬ್ಬಿ ಐತಿ, ರೊಟ್ಟಿ ಐತಿ, ಉಣ್ಣೋರಿಲ್ಲ," ಎಂದಳು ಹುಚ್ಚಮ್ಮ ಎಂಬ ಹೆಂಗಸು, ಸೆರಗನ್ನು ಬಾಯಿಗೆ ಒತ್ತಿಕೊಂಡು. "ಉಣ್ಣಾಕೆ ಕುಂತೋರು ಎಲ್ಲಿ ಹೋದ್ರೇ?"

"ಒಂದು ಮುಖನಾದ್ರೂ ಉಳಿದತಿ ಏನು ನೋಡು," ಎಂದಳು ಜೊತೆಯವಳು. "ಶುಭ ಕೋರೋರನ್ನೂ ಬಿಟ್ಟಿಲ್ಲ ಅಕ್ಕ."

ಇಬ್ಬರೂ ಕೈಹಿಡಿದುಕೊಂಡು ಊಟದ ಹಾಲಿನ ಕಡೆ ನಡೆದರು. ತೀರ್ಪುಗಾರರು ಮೂವರು. ಅವರು ಪೋಸ್ಟರಿನ ಮುಂದೆ ಒಬ್ಬೊಬ್ಬರಾಗಿ ಬರಲು ಒಪ್ಪದೆ ಒಟ್ಟಿಗೇ ಬಂದರು. ಅವರ ಷರಾ ಹೀಗಿತ್ತು: "ನಮ್ಮ ಭಾಗದಲ್ಲಿ ಹದಿನೇಳು ಚದರ ಅಡಿ ಖಾಲಿ ಇದ್ದೂ ಅದರ ಹತ್ತಿರ ಒಬ್ಬರೂ ಸುಳಿದಿಲ್ಲವೆಂದರೆ ಅಲ್ಲಿ ಏನೋ ಇದೆ ಎಂದೇ ಅರ್ಥ. ಇದಕ್ಕಿಂತ ಭಯಾನಕವಾದುದನ್ನು ನಾವು ಕಂಡಿಲ್ಲ." ಪ್ರಥಮ ಬಹುಮಾನ ಘೋಷಣೆಯಾಯಿತು.

ವಿದ್ಯುತ್ ಇತ್ತು. ಆದ್ದರಿಂದ ಚಿತ್ರವನ್ನು ತೋರಿಸಲೇಬೇಕಾಯಿತು.

ದೀಪಶ್ರೀ ಬೆವತುಹೋದಳು. ಈಗ ಜನ ನೋಡುತ್ತಾರೆ, ಇದು ಇಬ್ಬರು ಹೆಂಗಸರು ರೊಟ್ಟಿ ತಿನ್ನುವ ಸಿನಿಮಾ ಎಂದು ತಿಳಿಯುತ್ತದೆ, ಬಹುಮಾನ ವಾಪಸು ಕೇಳುತ್ತಾರೆ ಎಂದು ನಾಗವೇಣಿಯ ಕೈ ಹಿಡಿದುಕೊಂಡಳು. ಪೋಸ್ಟರೇ ಅಂತಿಮ ಎಂಬ ಸೂಚನೆಯ ಬಲವನ್ನು ಅವಳು ಅರಿತಿರಲಿಲ್ಲ. ತಂಗಿ ಬೆಂಚಿನ ಮೇಲೆ ಕೂತು ದಾರಿ ನೋಡಿದಾಗ ಸಭೆ ಉಸಿರು ಬಿಗಿಹಿಡಿಯಿತು. ಕೊಕ್ಕರೆ ರೆಕ್ಕೆ ಬಡಿದಾಗ ಮುಂದಿನ ಸಾಲಿನವರು ಕಾಲು ಮೇಲೆತ್ತಿಕೊಂಡರು. ಡಬ್ಬಿಯ ಮುಚ್ಚಳ ತೆಗೆದ ಸದ್ದಿಗೆ ಹುಚ್ಚರಾಯಪ್ಪನವರು ಎದ್ದು ಹೊರಗೆ ಹೋದವರು ಬರಲಿಲ್ಲ. ಎಂಟನೆಯ ನಿಮಿಷದಲ್ಲಿ ಅಕ್ಕ ಬಂದು, ನಗುತ್ತ, ತಂಗಿಯ ಪಕ್ಕ ಕೂತಳು. ಇಡೀ ಭವನ ಕಿರುಚಿತು. ಅಕ್ಕ ರೊಟ್ಟಿಯ ತುಂಡೊಂದನ್ನು ಮುರಿದು ತಂಗಿಯ ಬಾಯಿಗಿಟ್ಟಾಗ, "ತಿನ್ಬ್ಯಾಡವೇ" ಎಂದು ಹುಚ್ಚಮ್ಮ ಕೂಗಿದ್ದು ಹೊರಗಿನ ಊಟದ ಹಾಲಿಗೂ ಕೇಳಿಸಿತು.

ಚಪ್ಪಾಳೆ ಮುಗಿಯಲು ಬಹಳ ಹೊತ್ತು ಹಿಡಿಯಿತು. ವೇದಿಕೆಯ ಮೇಲೆ ಪರಮಶಿವಪ್ಪನವರು ಫಲಕ ಕೊಡುತ್ತ, ಇಷ್ಟು ಹೆದರಿಸುವ ಅಕ್ಕನ ಕಲ್ಪನೆ ಎಲ್ಲಿಂದ ಬಂತಮ್ಮ ಎಂದು ದೀಪಶ್ರೀಯನ್ನು ಕೇಳಿದರು. ಅವಳು ನಿಜ ಹೇಳಬೇಕೆಂದು ಮೈಕಿನ ಹತ್ತಿರ ಬಾಯಿ ತಂದಳು. ಎದುರಿಗಿದ್ದ ಐನೂರು ಜನ ಖುಷಿಯಿಂದ ನಡುಗುತ್ತ ಕೂತಿದ್ದರು.

"ಅಕ್ಕನ ಪಾತ್ರ ಮಾಡಿದ್ದು ನನ್ನ ಸ್ವಂತ ಅಕ್ಕನೇ," ಎಂದಳು. ಜನ ತಲೆದೂಗಿದರು. ಯಾರಿಗೂ ಹೆಚ್ಚಿನ ವಿವರಣೆ ಬೇಕಾಗಲಿಲ್ಲ.

ಎಲ್ಲ ಮುಗಿದು ಜನ ಬಸ್ಸು ಹಿಡಿಯಲು ಹೋದ ಮೇಲೆ ನಾಗವೇಣಿ ಪಡಸಾಲೆಗೆ ಬಂದಳು. ಅವಳ ಪೋಸ್ಟರಿನ ಮುಂದೆ ಮಹೇಶ್ವರಪ್ಪನವರು ಒಬ್ಬರೇ ನಿಂತಿದ್ದರು. ಕಡತ ಕಂಕುಳಲ್ಲಿತ್ತು. ಅವಳತ್ತ ತಿರುಗದೆಯೇ ಕೇಳಿದರು.

"ಇದು ಭಯಾನಕ ಅಲ್ಲ, ಅಲ್ಲೇನಮ್ಮ?"

"ಅಲ್ಲ ಸರ್."

"ಮೊದಲ್ನೇ ದಿನಾನೇ ಗೊತ್ತಾತು. ಯಾರೋ ಯಾರಿಗೋ ಕಾಯಾಕೆ ಹತ್ಯಾರೆ. ನಮ್ಮಣ್ಣ ಕುಬಟೂರಾಗೆ ಅದಾನೆ. ಮಾತು ಬಿಟ್ಟು ಹದಿನಾರು ವರ್ಷ ಆತು." ಅವರು ಬೆಂಚಿನ ಖಾಲಿ ತುದಿಯನ್ನೇ ನೋಡುತ್ತಿದ್ದರು.

ಅಷ್ಟು ಜನರಲ್ಲಿ ಒಬ್ಬರು, ಅದೂ ಈ ಮನುಷ್ಯ, ನಾಗವೇಣಿ ಏನು ಬರೆದಿದ್ದಳೋ ಅದನ್ನೇ ಓದಿಕೊಂಡಿದ್ದರು. ಅವಳಿಗೆ ಸಂತೋಷ ತಡೆಯಲಾಗಲಿಲ್ಲ. "ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ ಸರ್? ಇಷ್ಟೆಲ್ಲ ಆಗ್ತಿರ್ಲಿಲ್ಲ."

"ಗೊತ್ತಾತು ಅಂತ ಬರಿಯಾಕೆ ಕಾಲಂ ಇರ್ಲಿಲ್ಲಮ್ಮ."

ಅವರು ಕಡತವನ್ನು ಆ ಕಂಕುಳಿನಿಂದ ಈ ಕಂಕುಳಿಗೆ ಬದಲಿಸಿಕೊಂಡರು. "ನಂಗೊಂದು ಸಣ್ಣ ಪ್ರತಿ ಮಾಡಿಕೊಡು. ಮನಿ ಜಗುಲಿಗೆ ಹಾಕಣ ಅಂತ. ಅಣ್ಣ ಯಾವಾಗಾದ್ರೂ ಈ ಕಡೆ ಬಂದ್ರೆ ಕಾಣ್ಲಿ."

"ಮಾಡಿಕೊಡ್ತೀನಿ ಸರ್. ಮೂರೂ ಹನಿ ತೆಗೆದು ಮೊದಲು ಹೆಂಗಿತ್ತೋ ಹಂಗೇ ಮಾಡಿಕೊಡ್ತೀನಿ."

ಮಹೇಶ್ವರಪ್ಪನವರು ಯೋಚಿಸಿದರು. ಮನೆಗೆ ಬಂದು ಹೋಗುವ ನೆಂಟರು, ಸಮಿತಿಯವರು, ಪರಮಶಿವಪ್ಪನವರು, ಎಲ್ಲರೂ ಅವರ ಕಣ್ಣ ಮುಂದೆ ಹಾದುಹೋದಂತಿತ್ತು.

"ಬ್ಯಾಡ. ಹನಿ ಇರ್ಲಿ. ತೆಗೆದ್ರೆ ನಾಳೆ ಬೆಳಗಾಗೋದ್ರಾಗೆ ಅಣ್ಣನ ಜಾಗದಾಗೆ ಯಾರಾದ್ರೂ ಫೋಟೋ ತಂದು ಅಂಟಿಸಿರ್ತಾರೆ."

ನಾಗವೇಣಿ ಒಪ್ಪಿದಳು. ಅದು ಸರಿಯಾದ ಮಾತೇ ಆಗಿತ್ತು. ಚೀಲದಿಂದ ಆರ್ಡರ್ ಪುಸ್ತಕ ತೆಗೆದು, ಕಂಬಕ್ಕೆ ಆನಿಸಿಕೊಂಡು ಬರೆದಳು: ಆಕಾಶ ಒಂದು, ಹನಿ ಮೂರು.